ಗಡಿಕಲ್ಲಿನಿಂದ ಮೂವತ್ತಾರು ಹೆಜ್ಜೆ

ಶಿಕಾರಿಪುರದ ಸುತ್ತಮುತ್ತ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ನನ್ನ ಅಪ್ಪನನ್ನು ಕರೆಯುತ್ತಿದ್ದರು. ಅಪ್ಪ ಚಪ್ಪಲಿ ಬಿಟ್ಟು, ಗಡಿಕಲ್ಲಿಗೆ ಹಿಮ್ಮಡಿ ತಾಗಿಸಿ ನಿಂತು, ಹೆಜ್ಜೆ ಎಣಿಸುತ್ತ ಹೊರಟರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಆಮೇಲೆ ಸರ್ವೆಯವರು ಸರಪಳಿ ಹಿಡಿದು ಅಳೆದರೂ ಅಷ್ಟೇ ಬರುತ್ತಿತ್ತು. ಅದರ ಜಂಬವೂ ಅವನಿಗೆ ಕಡಿಮೆ ಇರಲಿಲ್ಲ.

ಅವ್ವನನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದಾಗ ಅಪ್ಪ ಗುರುತಿಗೆ ಕಲ್ಲು ನೆಡಲು ಬಿಡಲಿಲ್ಲ. “ಅಂಗೈಯಷ್ಟು ಹೊಲ ಬೀಳು ಬಿಟ್ರೂ ಬೈಯೋಳು ಅಕಿ. ಗಡಿಕಲ್ಲಿಂದ ಮೂಡಲಿಗೆ ಮೂವತ್ತಾರು ಹೆಜ್ಜಿ. ನನಗ ಗೊತ್ತೈತಿ, ಸಾಕು,” ಎಂದ. ನಾನು ಮಾತ್ರ ಅಳುತ್ತಲೇ ಇನ್ನೊಂದು ಗುರುತು ಮಾಡಿಕೊಂಡೆ. ಆ ಜಾಗದಿಂದ ನೋಡಿದರೆ ಪಕ್ಕದ ಹೊಲದ ಬಾವಿಯ ಎರಡು ಕಲ್ಲುಕಂಬಗಳು ಒಂದರ ಹಿಂದೊಂದು ಮರೆಯಾಗಿ ಒಂದೇ ಕಂಬದಂತೆ ಕಾಣುತ್ತಿದ್ದವು.

ಪ್ರತಿ ವರ್ಷ ಅವ್ವ ತೀರಿಕೊಂಡ ದಿನಕ್ಕೆ ಸೊರಬದ ಗಂಡನ ಮನೆಯಿಂದ ಬಸ್ಸು ಹಿಡಿದು ಬರುತ್ತಿದ್ದೆ. ಅಪ್ಪ ಹೆಜ್ಜೆ ಎಣಿಸಿ ನಿಂತಲ್ಲಿ ನಾನು ಹುಗ್ಗಿಯ ಎಡೆ ಇಡುತ್ತಿದ್ದೆ. ಮನೆಯಲ್ಲಿ ಎರಡು ಮಾತಾಡದ ಮನುಷ್ಯ ಅಲ್ಲಿ ಕುಕ್ಕರಗಾಲಲ್ಲಿ ಕೂತು ಮಳೆ, ಬೆಳೆ, ಎತ್ತಿನ ಕುಂಟು, ಅಳಿಯನ ಮೇಲಿನ ದೂರು ಎಲ್ಲವನ್ನೂ ಅವಳಿಗೆ ಒಪ್ಪಿಸುತ್ತಿದ್ದ. ಆ ಹೊಲದಲ್ಲಿ ಅವನ ಹಿಂದೆ ಇನ್ನೊಂದು ಸಲ ನಡೆಯಬೇಕೆಂದು ಈಗಲೂ ಜೀವ ಹಾತೊರೆಯುತ್ತದೆ.

೧೯೫೦ರ ದಶಕ ಮುಗಿಯುತ್ತ ಬಂದಾಗ ಅಪ್ಪನಿಗೆ ಎಪ್ಪತ್ತು ದಾಟಿತ್ತು. ಒಂದು ವರ್ಷ ಅವನು “ಮೂವತ್ತಾರು” ಎಂದು ನಿಂತಲ್ಲಿಂದ ಬಾವಿಯ ಕಂಬಗಳು ಬೇರೆ ಬೇರೆ ಕಂಡವು. ಎಣಿಕೆಯಲ್ಲಿ ತಪ್ಪಿರಲಿಲ್ಲ. ವಯಸ್ಸಿಗೆ ಅವನ ಹೆಜ್ಜೆ ಗಿಡ್ಡವಾಗಿತ್ತು, ಅದು ಅವನಿಗೇ ತಿಳಿದಿರಲಿಲ್ಲ. ಹೇಳಲು ನನಗೆ ಬಾಯಿ ಬರಲಿಲ್ಲ. ಅವನು ನಿಂತಲ್ಲೇ ಎಡೆ ಇಟ್ಟೆ, ಅವನು ಬರೀ ನೆಲದ ಮುಂದೆ ಕೂತು ವರ್ಷದ ಸುದ್ದಿಯನ್ನೆಲ್ಲ ಹೇಳಿದ.

ಮರುವರ್ಷ ಇನ್ನೂ ಹಿಂದೆಯೇ ನಿಂತ. ಎಡೆ ಇಟ್ಟೆನಾದರೂ ತಡೆಯಲಾಗದೆ, “ಅಪ್ಪಾ, ಅವ್ವ ಇನ್ನೂ ಮುಂದ ಅದಾಳೆ,” ಎಂದೆ.

“ನನ್ನ ಹೆಜ್ಜಿ ತಪ್ಪತಾವೇನು?” ಎಂದು ಸಿಡುಕಿ ಗಡಿಕಲ್ಲಿಗೆ ವಾಪಸು ಹೋದ. ಅಲ್ಲಿಂದ ಗಟ್ಟಿಯಾಗಿ ಎಣಿಸುತ್ತ ಬಂದ. ದಣಿದಿದ್ದರಿಂದ ಈ ಸಲ ಎಡೆಗಿಂತ ಒಂದು ಮಾರು ಹಿಂದೆಯೇ ಎಣಿಕೆ ಮುಗಿಯಿತು. ತನ್ನ ಪಾದಗಳನ್ನು ನೋಡಿಕೊಂಡ, ಎಡೆಯನ್ನು ನೋಡಿದ.

ಕೈ ಹಿಡಿದು ನಡೆಸಿದೆ. ಕಂಬಗಳು ಒಂದಾದ ಕಡೆ ನಿಲ್ಲಿಸಿ, “ಇಲ್ಲಿ,” ಎಂದೆ.

“ಹಂಗಾರ ಹೋದ ವರ್ಷ ನಾ ಹೇಳಿದ್ದು ಅಕಿಗೆ ಕೇಳೇ ಇಲ್ಲಲ್ಲ,” ಎಂದ ಅಪ್ಪ. ಆಮೇಲೆ ನನ್ನ ಕೈ ಆಸರೆಯಲ್ಲಿ ಮೆಲ್ಲಗೆ ಕೂತು, ಹೋದ ವರ್ಷದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದ.