ಆಂಬುಲೆನ್ಸ್ ಹೊರಡುವ ಮುಂಚಿನ ಒಂದು ಪ್ರಶ್ನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಂಬುಲೆನ್ಸ್ ಕರೆ ಕೇಂದ್ರದ ಉದ್ದನೆಯ ಕೋಣೆಯಲ್ಲಿ ರಾತ್ರಿ ಪಾಳಿಯವರು ಕುರ್ಚಿಯಲ್ಲೇ ಮೈ ಮುರಿಯುತ್ತಿದ್ದಾರೆ. ಕರೆಗಳು ಕೊಂಚ ಉಸಿರಾಡಲು ಬಿಡುವ ಹೊತ್ತೆಂದರೆ ಇದೊಂದೇ. ಈ ಕೇಂದ್ರದ ಸಾಫ್ಟ್‌ವೇರ್ ನೋಡಿಕೊಳ್ಳುವ ಎಂಜಿನಿಯರ್ ತಮ್ಮ ಕೆಲಸವನ್ನು ಈ ಸಂದಿನಲ್ಲೇ ಮುಗಿಸಬೇಕು. ಮೂಲೆಯ ಮೇಜಿನಲ್ಲಿ ಕೂತು ಒಂದು ಸಾಲು ಬದಲಿಸುತ್ತಾರೆ. ಎದ್ದು ಹೋಗಿ, ಕರೆ ತೆಗೆದುಕೊಳ್ಳುವ ಹುಡುಗಿಯ ಬೆನ್ನ ಹಿಂದೆ ನಿಲ್ಲುತ್ತಾರೆ. ಮುಂದಿನ ಕರೆ ಬರುವವರೆಗೂ ಪರದೆಯಿಂದ ಕಣ್ಣು ಕೀಳುವುದಿಲ್ಲ.

"ಮೇಡಂ, ನೀವು ಹಿಂದೆ ನಿಂತ್ರೆ ನಂಗೆ ಪರೀಕ್ಷೆ ಬರೆದ ಹಾಗಾಗತ್ತೆ," ಎನ್ನುತ್ತಾಳೆ ಹುಡುಗಿ.

"ಪರೀಕ್ಷೆ ನಿಂದಲ್ಲ ಕಣೇ, ನಂದು. ನೀನು ಆರಾಮಾಗಿರು."

ಕರೆ ಬರುತ್ತದೆ. ಆ ನಂಬರಿನಿಂದ ಹಿಂದೆ ಕರೆ ಬಂದಿದ್ದಾಗ ಕೊಟ್ಟಿದ್ದ ವಿಳಾಸ ಪರದೆಯ ಮೇಲೆ ತಾನಾಗಿ ಮೂಡುತ್ತದೆ. ಕೆಳಗೊಂದು ಪ್ರಶ್ನೆ: ಈಗಲೂ ಇದೇ ಮನೆಯೇ? ಹುಡುಗಿ ಅದನ್ನು ಕೇಳುತ್ತಾಳೆ, ಆ ಕಡೆಯಿಂದ ಹೌದೆಂಬ ಉತ್ತರ ಬಂದ ಮೇಲೆ ಗುಂಡಿ ಒತ್ತುತ್ತಾಳೆ, ಗಾಡಿ ಹೊರಡುತ್ತದೆ. ಎಂಜಿನಿಯರ್ ಅಂಗೈ ಬೆವರನ್ನು ದುಪಟ್ಟಕ್ಕೆ ಒರೆಸಿಕೊಳ್ಳುತ್ತಾರೆ. ದಿನಕ್ಕೆ ಎರಡು ಸಾವಿರದ ಆಸುಪಾಸು ಕರೆಗಳು ಬರುತ್ತವೆ. ಎಲ್ಲವೂ ಸರಿಹೋದ ದಿನ ಇವರೊಬ್ಬರು ಇದ್ದಾರೆಂಬುದು ಯಾರಿಗೂ ನೆನಪಿರುವುದಿಲ್ಲ.

ಹದಿನಾರು ವರ್ಷದಿಂದ ಇದೇ ಕೆಲಸ. ಸಹೋದ್ಯೋಗಿಗಳು ಇಟ್ಟಿರುವ ಹೆಸರು 'ಆದ್ರೆ ಮೇಡಂ'. ಯಾವ ಕೆಲಸಕ್ಕೂ ಸಲೀಸಾಗಿ ಹೂಂ ಅಂದವರಲ್ಲ. ಹೂಂ ಅಂದ ಮೇಲೆ ಒಂದು 'ಆದ್ರೆ' ಇದ್ದೇ ಇರುತ್ತದೆ. ಆ 'ಆದ್ರೆ' ಒಮ್ಮೆ ಯಾರ ಕಿವಿಗೂ ಬೀಳದೇ ಹೋದದ್ದರಿಂದಲೇ, ನಲವತ್ಮೂರನೇ ವಯಸ್ಸಿನಲ್ಲಿ, ಬೆಳೆದ ಮಗಳನ್ನು ಮನೆಯಲ್ಲಿಟ್ಟುಕೊಂಡು, ಇವರು ಸಂಜೆ ಕಾಲೇಜಿಗೆ ಎಂ.ಬಿ.ಎ. ಓದಲು ಹೋಗುತ್ತಿದ್ದಾರೆ.

ನಡೆದದ್ದು ಮೂರು ವರ್ಷದ ಹಿಂದೆ. ಗಾಡಿ ಬೇಗ ಹೊರಡಬೇಕು, ವಿಳಾಸದ ಆ ಪ್ರಶ್ನೆ ತೆಗೆದುಬಿಡೋಣ ಎಂದು ಮೇಲಿನವರು ಮೀಟಿಂಗ್ ಕರೆದರು. ಇವರು ಕೊನೆಯ ಕುರ್ಚಿಯಲ್ಲಿದ್ದರು. ತೆಗೆದರೆ ತೊಂದರೆ ಇದೆಯಾ ಎಂದು ಮೇಲಿನವರು ಇವರನ್ನು ಕೇಳಿದರು. ಎಂಜಿನಿಯರುಗಳು ಲೆಕ್ಕ ತಪ್ಪದಂತೆ ಮಾತಾಡುವವರು, ಇವರೂ ಹಾಗೇ ಹೇಳಿದರು: "ಗಾಡಿ ತಪ್ಪು ವಿಳಾಸಕ್ಕೆ ಹೋಗೋದು ಬಹಳ ಅಪರೂಪ. ಆದ್ರೆ ಆಗೋದೇ ಇಲ್ಲ ಅನ್ನಕ್ಕಾಗಲ್ಲ."

"ಅಪರೂಪ ಅಂದ್ರಲ್ಲ, ಅಷ್ಟು ಸಾಕು ಬಿಡಿ," ಎಂದು ಮೇಲಿನವರು ಮುಂದಿನ ವಿಷಯಕ್ಕೆ ಹೋದರು.

"ನಾನು ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ," ಎನ್ನುತ್ತಾರೆ ಎಂಜಿನಿಯರ್. "ಅದೇ ತಪ್ಪಾಯ್ತು. ಅವರಿಗೆ ಬೇಕಾದ ಅರ್ಧ ನಾನೇ ಕೈಗೆ ಕೊಟ್ಟೆ. ಉಳಿದರ್ಧ ಅವರ ಕಿವಿಗೇ ಬೀಳ್ಲಿಲ್ಲ."

ಪ್ರಶ್ನೆ ಹೋಯಿತು. ಎರಡು ತಿಂಗಳಾಗಿರಬೇಕು, ಹೊಸದಾಗಿ ಮನೆ ಬದಲಿಸಿದ್ದ ಒಬ್ಬ ದರ್ಜಿ ಕರೆ ಮಾಡಿದರು. ಲಕ್ವ ಹೊಡೆದು ನಾಲಿಗೆ ಆಗಲೇ ತೊದಲುತ್ತಿತ್ತು. ಗಾಡಿ ಹಳೆಯ ಮನೆಗೆ ಹೋಯಿತು. ಬಾಗಿಲು ತೆಗೆದವರು ಯಾರೋ ಬೇರೆಯವರು. ಸರಿಯಾದ ಮನೆ ಹುಡುಕಿ ತಲುಪುವಷ್ಟರಲ್ಲಿ ದರ್ಜಿಯ ಮಾತು ನಿಂತುಹೋಗಿತ್ತು. ಜೀವ ಉಳಿಯಿತು, ಮಾತು ಮರಳಲಿಲ್ಲ. 'ತಾಂತ್ರಿಕ ದೋಷ' ಎಂಬ ಎರಡು ಪದದಲ್ಲಿ ವಿಷಯ ಮುಗಿದುಹೋಯಿತು. ಸದ್ದಿಲ್ಲದೆ ಪ್ರಶ್ನೆ ವಾಪಸು ಬಂತು.

"ಒಬ್ಬರೂ ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಇವತ್ತಿಗೂ ಫೋನ್ ರಿಂಗಾದ್ರೆ ಎದೇಲಿ ಅವಲಕ್ಕಿ ಕುಟ್ಟತ್ತೆ."

ಮೇಲಿನವರ ಕಿವಿಗೆ ಬೀಳುವಂತೆ ಮಾತಾಡಲು ಕಲಿಯಬೇಕೆಂದು ಮಾರನೇ ವರ್ಷವೇ ಕಾಲೇಜು ಸೇರಿದರು. ಬಡ್ತಿಯ ಆಸೆಗೆಂದು ಕಚೇರಿಯವರು ಅಂದುಕೊಂಡರು. ಸೊಸೆಗೆ ತಲೆ ಕೆಟ್ಟಿದೆ ಎಂದುಕೊಂಡರೂ ಅತ್ತೆ, ಇವರು ಓದಲು ಕೂತಾಗ ಟಿ.ವಿ. ಸದ್ದು ತಗ್ಗಿಸುತ್ತಾರೆ. ತಾಯಿ ಮಗಳಿಬ್ಬರಿಗೂ ಪರೀಕ್ಷೆ ಒಂದೇ ವಾರ ಬಿದ್ದಾಗ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು: "ಅಮ್ಮ, ನೀನು ಫೇಲಾದ್ರೆ ಹೆದರ್ಬೇಡ. ನಿನ್ ಮಾರ್ಕ್ಸ್ ಕಾರ್ಡಿಗೆ ನಾನೇ ಸೈನ್ ಹಾಕ್ತೀನಿ."

ಫೇಲಾಗಲಿಲ್ಲ. ಹೆದರಿಸಿದ್ದು ಪಾಸಾದದ್ದೇ. ತರಗತಿಯಲ್ಲೊಮ್ಮೆ, ತಯಾರಿ ತಡವಾಗುತ್ತಿರುವ ಒಂದು ಕಾರ್ಖಾನೆಯ ಸಮಸ್ಯೆ ಕೊಟ್ಟು ಬಗೆಹರಿಸಲು ಹೇಳಿದರು. ಇವರು ಚಕಚಕನೆ ಬಗೆಹರಿಸಿದರು. ಎರಡೆರಡು ಸಲ ಪರೀಕ್ಷಿಸುವುದು ದಂಡ, ಒಂದನ್ನು ಕಿತ್ತುಹಾಕಿ ಎಂದು ಬರೆದರು. ಎಲ್ಲರಿಗಿಂತ ಹೆಚ್ಚು ಅಂಕ ಬಂತು, ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಹೊಗಳಿದರು. ಮನೆಗೆ ಬರುವ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಿದ್ದಾಗ, ತಾವು ಬರೆದದ್ದೇನೆಂದು ಹೊಳೆಯಿತು. ಮೇಲಿನವರು ಮಾಡಿದ್ದನ್ನೇ ತಾವೂ ಮಾಡಿದ್ದರು.

"ಆ ಕಾರ್ಖಾನೇಲಿ ತಯಾರಾಗ್ತಿದ್ದಿದ್ದು ಏನು ಅಂತ ಕೂಡ ನಾನು ಕೇಳಿರಲಿಲ್ಲ. ಅವತ್ತಿಂದ ಹೆದರಿಕೆ ಎರಡಾಯ್ತು. ಅವರು ನನ್ ಮಾತು ಕೇಳಲ್ಲ ಅನ್ನೋದೊಂದು. ಅವರ ಪಕ್ಕ ಕೂತೂ ಕೂತೂ ನಾನೂ ಅವರೇ ಆಗ್ಬಿಟ್ರೆ ಅನ್ನೋದಿನ್ನೊಂದು."

ಮರುದಿನ ಮೇಷ್ಟ್ರ ಹತ್ತಿರ ಹೋಗಿ ಅಂಕ ಕಡಿಮೆ ಮಾಡಿ ಎಂದು ಕೇಳಿದರಂತೆ. ಮೇಷ್ಟ್ರು ನಕ್ಕು, ಹಾಗೆ ಬೇಡಿಕೊಂಡು ಬಂದವರನ್ನು ಇದೇ ಮೊದಲು ನೋಡುತ್ತಿರುವುದು ಎಂದರಂತೆ. ದರ್ಜಿಯ ಕತೆ ಕೇಳಿದ ಮೇಲೆ ಗಂಭೀರವಾಗಿ ಒಂದು ಮಾತು ಹೇಳಿಕೊಟ್ಟರು: "ಎಷ್ಟು ಸಲ ಆಗತ್ತೆ ಅಂತ ಹೇಳ್ಬೇಡಿ ತಾಯಿ. ಆದ್ರೆ ಯಾರು ಹೊಣೆ ಅಂತ ಕೇಳಿ."

ಇವತ್ತು ಆ ಮಾತು ಬೇಕಾಗಿದೆ. ಕೇಂದ್ರದಲ್ಲೀಗ ಮೇಲಿನವರೆಲ್ಲ ಹೊಸಬರು. ದರ್ಜಿಯ ಕತೆ ಅವರಿಗೆ ಗೊತ್ತಿಲ್ಲ. ಆ ಪ್ರಶ್ನೆ ಯಾಕೆ ಬೇಕು, ತೆಗೆಯಿರಿ ಎಂದು ಮತ್ತೆ ಮೀಟಿಂಗ್ ಕರೆದಿದ್ದಾರೆ. ಇವರು ತಾವಾಗಿ ಕೇಳಿಕೊಂಡ ಮೇಲೆ, ಕೊನೆಯಲ್ಲಿ ಐದು ನಿಮಿಷ ಕೊಟ್ಟಿದ್ದಾರೆ. ಒಳಗೆ ಹೋಗುವ ಮುಂಚೆ ಮೆಟ್ಟಿಲ ಬಳಿ ಆಂಬುಲೆನ್ಸ್ ಚಾಲಕ ಎದುರಾಗುತ್ತಾರೆ. ಅಂದು ಆ ತಪ್ಪು ಬಾಗಿಲು ತಟ್ಟಿದವರು ಅವರೇ.

"ಏನಕ್ಕಾ, ಮುಖ ಬಿಳಿಚ್ಕೊಂಡಿದೆ? ಗಾಡಿ ತರ್ಲಾ?"

"ತಂದಿಟ್ಕೊಂಡಿರು ಅಣ್ಣ. ವಿಳಾಸ ಮಾತ್ರ ಕೇಳ್ಕೊಂಡು ಬಾ."

ಒಂದು ಗಂಟೆಯ ನಂತರ ಹೊರಬರುತ್ತಾರೆ. ದರ್ಜಿಗೆ ಆದದ್ದನ್ನು ಹೇಳಿದರಂತೆ. ಆಮೇಲೆ ಕೇಳಿದ್ದು ಒಂದೇ: ಮತ್ತೆ ಗಾಡಿ ತಪ್ಪು ಮನೆಗೆ ಹೋದರೆ, ರೋಗಿಯ ಮನೆಯವರಿಗೆ ಫೋನ್ ಮಾಡಿ ಹೇಳುವವರು ಯಾರು? ಈಗಲೇ ಒಬ್ಬರ ಹೆಸರು ಹೇಳಿ. ತೀರ್ಮಾನ ಮುಂದಿನ ತಿಂಗಳಿಗೆ ಹೋಗಿದೆ.

"ಗೆದ್ದೆ ಅಂತ ಬರೀಬೇಡಿ," ಎನ್ನುತ್ತಾರೆ, ಮೆಟ್ಟಿಲ ಮೇಲೆ ಕೂತು. "ಮುಂದಕ್ಕೆ ಹಾಕಿದಾರೆ ಅಷ್ಟೇ, ತೆಗೆಯೋದು ಬೇಡ ಅಂದಿಲ್ಲ. ಆದ್ರೆ ನಾನು ಕೇಳಿದಾಗ ಹಿರಿಯರೊಬ್ಬರು ಪೆನ್ ಕೆಳಗಿಟ್ರು, ನೀರು ಕುಡಿದ್ರು. ಅವರಿಗೂ ಭಯ ಆಯ್ತು, ನಾನು ನೋಡ್ದೆ. ಇಷ್ಟು ವರ್ಷ ಈ ಕಟ್ಟಡದಲ್ಲಿ ಹೆದರೋ ಕೆಲಸ ನಾನೊಬ್ಬಳೇ ಮಾಡ್ತಿದ್ದೆ. ಆ ಕೋಣೆ ಒಳಗೆ ಇನ್ನೊಬ್ಬರು ಸಿಕ್ಕರೆ ಸಾಕು ನಂಗೆ."