ಬಾಚಿದ ಹಿಮಕ್ಕೆ ಆರಿಸಿದ ಸ್ಕೀ

ನಮ್ಮ ಮನೆಯವರು ಹಿಮದಲ್ಲಿ ಜಾರಲು ಕಾಲಿಗೆ ಕಟ್ಟುವ ಸ್ಕೀ ಆರಿಸುವಾಗ ಪಕ್ಕದಲ್ಲಿ ನಿಲ್ಲಬಾರದು. ಹೆಣ್ಣು ನೋಡಲು ಬಂದವರೂ ಅಷ್ಟು ಪ್ರಶ್ನೆ ಕೇಳುವುದಿಲ್ಲ. ತೂಕ ಎಷ್ಟು, ಮಂಡಿ ನೋವಿದೆಯೇ, ಬಿದ್ದರೆ ನಗುತ್ತೀಯೋ ಸಿಟ್ಟಾಗುತ್ತೀಯೋ, ಎಲ್ಲ ಬೇಕು ಇವರಿಗೆ. ಅಮೆರಿಕದಲ್ಲಿ ನಾವಿದ್ದ ಎಡಿಸನ್ ಊರಿನ ಸುತ್ತಮುತ್ತ ಹೊಸದಾಗಿ ಕೆಲಸಕ್ಕೆ ಬಂದ ಕನ್ನಡದ ಹುಡುಗರು ಚಳಿಗಾಲ ಬಂತೆಂದರೆ ಇವರನ್ನು ಹುಡುಕಿಕೊಂಡು ಬರುತ್ತಿದ್ದರು. ಒಂದು ಸಲ ದರ್ಶನ್ ಎಂಬ ಇವರ ಆಫೀಸಿನವನನ್ನು ಅಂಗಡಿಗೆ ಕರೆದುಕೊಂಡು ಹೋದಾಗ ನಾನೂ ಬಾಲದ ಹಾಗೆ ಹೋಗಿದ್ದೆ. ಅವನು ಹೋಗಿ ಹೋಗಿ ಬೆಂಕಿಯ ಚಿತ್ರ ಬಿಡಿಸಿದ್ದ ಅಗಲವಾದ ಜೋಡಿಗೇ ಕೈ ಹಾಕಿದ.

“ಅದು ಬೇಡ,” ಎಂದರು ಇವರು. “ಅಗಲ ಇರೋದು ಹೊಸ ಹಿಮಕ್ಕೆ, ಅದ್ರ ಮೇಲೆ ತೇಲುತ್ತೆ. ಇಲ್ಲಿ ಬೆಟ್ಟದಲ್ಲಿ ರಾತ್ರಿ ಮೆಷಿನ್ ಓಡಿಸಿ ಹಿಮಾನ ಬಾಚಿಟ್ಟಿರ್ತಾರೆ, ತಲೆ ಬಾಚಿದ ಹಾಗೆ. ಬೆಳಗ್ಗೆ ಹೊತ್ತಿಗೆ ಕಲ್ಲಾಗಿರುತ್ತೆ. ಅದಕ್ಕೆ ಸೊಂಟ ಸಣ್ಣ ಇರೋದು ಬೇಕು. ಅಂಚು ಹರಿತ ಇರ್ಬೇಕು, ಕಚ್ಚಬೇಕು.”

“ಸ್ಕೀಗೂ ಸೊಂಟನಾ ಸಾರ್?”

ಇವರು ನಗಲಿಲ್ಲ. ಒಂದು ಜೋಡಿಯನ್ನು ನೆಲಕ್ಕೆ ಊರಿ, ನಡುವನ್ನು ಅಂಗೈಯಿಂದ ಒತ್ತಿ ಎಷ್ಟು ಬಾಗುತ್ತದೆಂದು ನೋಡಿದರು. ಅಂಚಿನ ಉಕ್ಕಿನ ಮೇಲೆ ಹೆಬ್ಬೆರಳ ಉಗುರು ಎಳೆದರು. ಉಗುರಿನ ಬಿಳೀ ಪುಡಿ ಉದುರಿತು. ತಲೆಯಾಡಿಸಿದರು.

“ಸ್ನೋ ಬಿದ್ದ ದಿನ ಏನ್ ಮಾಡ್ಲಿ ಸಾರ್? ಅದೇ ಬೆಸ್ಟ್ ಡೇ ಅಂತಾರಲ್ಲ ಎಲ್ರೂ.”

“ಮನೇಲಿರು. ಹೊಸ ಹಿಮ ಬಿದ್ದ ದಿನ ಬೆಟ್ಟಕ್ಕೆ ಹೋಗಲ್ಲ ಅಂತ ಮಾತು ಕೊಡು, ಈಗ್ಲೇ ಬಿಲ್ ಹಾಕ್ಸೋಣ. ಆಗಲ್ಲ ಅಂದ್ರೆ ಬೇರೆಯವರ ಹತ್ರ ಆರಿಸ್ಕೊ.”

ಪಾಪ, ದರ್ಶನ್ ಮಾತು ಕೊಟ್ಟ. ಅವನನ್ನು ಮನೆಗೆ ಬಿಟ್ಟ ಮೇಲೆ ಕಾರಿನಲ್ಲಿ ನಾನು ಇವರನ್ನು ಚೆನ್ನಾಗಿ ರೇಗಿಸಿದೆ. ಇವರು ಖಾಲಿಯಾಗಿದ್ದ ಹಿಂದಿನ ಸೀಟನ್ನು ಕನ್ನಡಿಯಲ್ಲಿ ನೋಡುತ್ತ ಡ್ರೈವ್ ಮಾಡಿದರು.

ಇವರ ಹೆಸರು ಜಯರಾಮು. ಬರೆಯುವುದಕ್ಕೆ ಸುಲಭ, ಆಗೆಲ್ಲ ಬಾಯಲ್ಲಿ ಹೇಳಿದ್ದೇ ಇರಲಿಲ್ಲ. ಮೈಸೂರಿನಲ್ಲಿ ಬಿ.ಇ. ಓದಿ, ಅಮೆರಿಕಕ್ಕೆ ಬಂದು, ದಿನವಿಡೀ ಪರರ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುತ್ತಿದ್ದ ನಾನು ಗಂಡನನ್ನು ‘ರೀ’ ಎಂದೇ ಕರೆಯುತ್ತಿದ್ದೆ. ಹೆಸರು ಹಿಡಿದು ಕರೆದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅತ್ತೆ ಕೃಷ್ಣಮ್ಮ ಮದುವೆಯ ಮಾರನೆಯ ದಿನವೇ ಹೇಳಿದ್ದರು. ನಾನು ಅದನ್ನು ನಂಬಲಿಲ್ಲ. ಆದರೆ ಪರೀಕ್ಷೆ ಮಾಡಿ ನೋಡುವ ವಿಷಯವೇ ಅದು?

ಕೆ.ಆರ್. ಪೇಟೆಯಲ್ಲಿ ಇವರಪ್ಪನದು ಹಿಟ್ಟಿನ ಗಿರಣಿ. ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವರು ಇವರೇ. ಎರಡು ಸಾವಿರದ ಇಸವಿ ಬಂದರೆ ಹಳೆಯ ಕಂಪ್ಯೂಟರುಗಳೆಲ್ಲ ಕಂಗೆಡುತ್ತವೆ ಎಂದು ಲೋಕವೇ ಗಾಬರಿ ಬಿದ್ದಿದ್ದ ಕಾಲ. ಇವರು ಪಕ್ಕದೂರು ಮೆಟುಚೆನ್‌ನಲ್ಲಿ ಟ್ರೈನ್ ಹತ್ತಿ ನ್ಯೂಯಾರ್ಕಿನ ಒಂದು ಇನ್ಶೂರೆನ್ಸ್ ಕಂಪನಿಗೆ ಹೋಗಿ, ಆ ಹಳೆಯ ಪ್ರೋಗ್ರಾಮುಗಳನ್ನು ರಿಪೇರಿ ಮಾಡಿ ಬರುತ್ತಿದ್ದರು. ಮಾತು ಕಡಿಮೆ, ಸಾರಿಗೆ ಉಪ್ಪು ಹೆಚ್ಚಾದರೂ ಮಾತಿಲ್ಲ. ಶನಿವಾರ ಮಾತ್ರ ಬೆಳಕು ಹರಿಯುವ ಮೊದಲೇ ಮಂಕಿ ಕ್ಯಾಪ್ ಹಾಕಿ, ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು, ಉತ್ತರದ ಬೆಟ್ಟಕ್ಕೆ ಒಬ್ಬರೇ ಹೊರಡುತ್ತಿದ್ದರು. ಬೆಟ್ಟದಲ್ಲೂ ಅಪ್ಪನ ಗಿರಣಿಯ ಬುದ್ಧಿ ಬಿಟ್ಟಿರಲಿಲ್ಲ. ಹಿಮವನ್ನು ಚಿಟಿಕೆಯಲ್ಲಿ ಹಿಡಿದು, ಹಿಟ್ಟು ನುಣ್ಣಗಾಯಿತೇ ಎಂದು ನೋಡುವ ಹಾಗೆ ತಿಕ್ಕಿ ನೋಡುವರು.

ಒಬ್ಬರೇ ಹೋಗುತ್ತಾರೆಂದು ನಾನು ತಿಳಿದಿದ್ದೆ. ಓಲ್ಡ್ ಬ್ರಿಡ್ಜ್ ಊರಿನ ನನ್ನ ಗೆಳತಿ ಮಂಜರಿ ಒಂದು ಭಾನುವಾರ ಫೋನ್ ಮಾಡಿ, “ನಿಮ್ಮನೆಯವರನ್ನ ಬೆಟ್ಟದಲ್ಲಿ ನೋಡ್ದೆ ಚಿತ್ರಾ. ಜೊತೇಲಿದ್ದವರು ಯಾರು?” ಎಂದಳು. ಗಂಡಸೋ ಹೆಂಗಸೋ ಎಂದು ಕೇಳಿದೆ. ಅದು ಸರಿಯಾಗಿ ಕಾಣಲಿಲ್ಲವಂತೆ. ಆದರೆ ಇವರು ಮಗ್ಗುಲಿಗೆ ತಿರುಗಿ ತಿರುಗಿ ಮಾತಾಡುತ್ತಿದ್ದರಂತೆ. ನನ್ನ ಹತ್ತಿರ ವಾರಕ್ಕೆ ನಾಲ್ಕು ಮಾತಾಡದ ಮನುಷ್ಯ.

ಸುಳ್ಳೇಕೆ ಹೇಳಲಿ, ಯಾವಳೋ ಇದ್ದಾಳೆ ಎಂದೇ ಅಂದುಕೊಂಡೆ. ಆ ವಾರವೇ ನನಗೂ ಸ್ಕೀ ಕೊಡಿಸಿ ಎಂದು ಹಟ ಹಿಡಿದೆ. ಇವರು ಮೊದಲು ಒಲ್ಲೆ ಎಂದರು, ಆಮೇಲೆ ದರ್ಶನ್‌ಗೆ ಕೇಳಿದ ಪ್ರಶ್ನೆಗಳನ್ನೆಲ್ಲ ನನಗೂ ಕೇಳಿ, ಸಣ್ಣ ಸೊಂಟದ ಒಂದು ಗಿಡ್ಡ ಜೋಡಿ ಆರಿಸಿದರು. ದರ್ಶನ್ ಕೊಟ್ಟ ಮಾತನ್ನೇ ನಾನೂ ಕೊಟ್ಟೆ.

ತಂತಿಗೆ ತೂಗುಬಿದ್ದು ಬೆಟ್ಟಕ್ಕೆ ಏರುವ ಲಿಫ್ಟ್‌ನಲ್ಲಿ ಒಂದೊಂದು ಕುರ್ಚಿಗೆ ಮೂರು ಜನ ಕೂರಬಹುದು. ಇವರು ಒಂದು ತುದಿಗೆ ಕೂತರು. ನಾನು ಪಕ್ಕಕ್ಕೆ ಕೂರಲು ಹೋದರೆ, “ಆ ತುದೀಗೆ ಕೂತ್ಕೊ. ಮಧ್ಯ ಜಾಗ ಇರ್ಲಿ,” ಎಂದರು. ಕುರ್ಚಿ ತೂಗಬಾರದು ಅದಕ್ಕೆ ಎಂದೂ ಸೇರಿಸಿದರು. ಕೆಳಗೆ ನಿಂತು ಜನರನ್ನು ಕೂರಿಸುತ್ತಿದ್ದ ಮುದುಕ ನಮ್ಮ ಕುರ್ಚಿ ಹೊರಟಾಗ ಲೆಕ್ಕ ಬರೆಯುವವನಿಗೆ ಕೂತವರು ಎಷ್ಟೆಂದು ಬೆರಳೆತ್ತಿ ತೋರಿಸಿದ. ಮೂರು ಬೆರಳು.

ಇಳಿಯುವಾಗ ನಾನು ಬೀಳುತ್ತ ಏಳುತ್ತ ಇದ್ದೆ. ಬೇರೆ ಹೆಂಗಸು ಎಲ್ಲಿಯೂ ಕಾಣಲಿಲ್ಲ. ಆದರೆ ಬಾಚಿದ ಹಿಮದ ಮೇಲೆ ಇವರು ತಿರುಗಿದಾಗೆಲ್ಲ ಅಂಚು ಕರ್ ಎಂದು ಕೆರೆಯುವುದು ಎರಡು ಸಲ ಕೇಳುತ್ತಿತ್ತು. ಒಂದು ಇವರದು. ಇನ್ನೊಂದು, ಇವರು ಮುಂದಕ್ಕೆ ಹೋದ ಮೇಲೆ. ಬೆಟ್ಟದ ಮಾರುದನಿ ಇರಬೇಕೆಂದುಕೊಂಡೆ. ಎದೆ ಒಪ್ಪಲಿಲ್ಲ.

ಅವತ್ತು ಚಿತ್ರಾನ್ನದ ಡಬ್ಬಿಯ ಮುಂದೆ ಕೂತು ನೇರವಾಗಿ ಕೇಳಿದೆ. “ರೀ, ಯಾರ್ರೀ ಅದು?”

ಇವರು ಡಬ್ಬಿಯ ಮುಚ್ಚಳ ಮುಚ್ಚಿ, “ಶ್ರೀನಿ,” ಎಂದರು.

ಶ್ರೀನಿಯ ಹೆಸರು ಮಾತ್ರ ನನಗೆ ಗೊತ್ತಿತ್ತು. ಮದುವೆಗೆ ಮೊದಲು ಮೆಟುಚೆನ್‌ನಲ್ಲಿ ಇವರ ಜೊತೆ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದವನು. ಆಫೀಸಿನ ಅಮೆರಿಕದವರ ಬಾಯಲ್ಲಿ ಅವನು ಬರೀ ‘ಶ್ರೀ’. ಇಬ್ಬರೂ ಒಟ್ಟಿಗೇ ಸ್ಕೀ ಕಲಿತರು. ಅವನಿಗೆ ಸ್ಕೀ ಆರಿಸಿಕೊಟ್ಟವರು ಇವರೇ, ಬಾಚಿದ ಹಿಮಕ್ಕೆ ಹೇಳಿ ಮಾಡಿಸಿದಂಥ ಸಣ್ಣ ಸೊಂಟದ್ದು. ಊರಲ್ಲಿ ಅವನಿಗೆ ಹೆಣ್ಣು ಗೊತ್ತಾಗಿ, ಮದುವೆಗೆ ರಜೆ ಹಾಕಿದ್ದ ಚಳಿಗಾಲದಲ್ಲಿ ರಾತ್ರಿಯಿಡೀ ಹಿಮ ಬಿತ್ತು. ಆ ಮೆತ್ತನೆಯ ಹಿಮದಲ್ಲಿ ಅವನ ಸ್ಕೀಯ ಮೂತಿ ಮುಳುಗಿ, ತಿರುಗಿಸಲು ಬಾರದೆ, ನೇರ ಮರಗಳ ನಡುವೆ ಹೋದ. ಸಂಜೆ ಸಿಕ್ಕಾಗ ಉಸಿರಿರಲಿಲ್ಲ.

“ಮಾರನೇ ವರ್ಷ ಹೊಸ ಹಿಮ ಬಿದ್ದಾಗ ಹೋಗಿದ್ದೆ,” ಎಂದರು ಇವರು. “ಇಳಿದು ತಿರುಗಿ ನೋಡಿದ್ರೆ ನನ್ನ ಗುರುತಿನ ಪಕ್ಕದಲ್ಲೇ ಇನ್ನೊಂದು ಜೊತೆ ಗುರುತು. ಸಣ್ಣ ಸ್ಕೀದು. ಅವತ್ತಿಂದ ಹೊಸ ಹಿಮಕ್ಕೆ ಹೋಗಲ್ಲ. ಬಾಚಿದ ಹಿಮದಲ್ಲಿ ನೂರು ಜನ ಗೀರಿರ್ತಾರೆ, ಯಾರದು ಯಾವುದು ಗೊತ್ತಾಗಲ್ಲ. ಅವನು ಇರ್ತಾನೆ, ಕಣ್ಣಿಗೆ ಕಾಣ್ಬೇಕಾಗಿಲ್ಲ, ಅಷ್ಟೇ.”

ನನಗೆ ಭಯಕ್ಕಿಂತ ಮೊದಲು ಅಳು ಬಂತು. ಇವಳು ಯಾವಳೋ ಎಂದು ಎಷ್ಟು ಬೈದುಕೊಂಡಿದ್ದೆ. ಯಾವಳೋ ಆಗಿದ್ದರೆ ಜಗಳವಾಡಿಯಾದರೂ ಬಿಡಿಸಿಕೊಳ್ಳಬಹುದಿತ್ತು.

ಆ ಚಳಿಗಾಲದಲ್ಲಿ ಅತ್ತೆ ನಮ್ಮ ಜೊತೆಗಿದ್ದರು. ಅವರಿಗೆ ಹೇಳಿದೆ. ಹುರುಳಿಕಾಯಿ ಮುರಿಯುತ್ತಿದ್ದವರು ಕೈ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು.

“ಬೆರಳು ಯಾವ ಕಡೀಗಿತ್ತಮ್ಮಿ?”

“ಯಾವ ಬೆರಳು ಅತ್ತೆ?”

“ಕಾಲಿಂದು. ಅವ್ರ ಪಾದ ಹಿಂದುಮುಂದಾಗಿರ್ತದೆ. ಬೆರಳು ನೋಡುದ್ರೆ ಬತ್ತಾವ್ರೋ ಹೋಯ್ತಾವ್ರೋ ತಿಳೀತದೆ.”

ಸ್ಕೀಯ ಗುರುತಿಗೆ ಬೆರಳಿಲ್ಲ, ಬರೀ ಎರಡು ಗೆರೆ ಎಂದೆ. ಬರುವುದೋ ಹೋಗುವುದೋ ಗೊತ್ತಾಗುವುದಿಲ್ಲ. ಅತ್ತೆ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, “ಹಂಗಾರೆ ಇವ್ನುನ್ನ ಒಬ್ನೇ ಬಿಡಬ್ಯಾಡ,” ಎಂದರು.

ಹೊಸ ವರ್ಷ ಬಂತು. ಯಾವ ಕಂಪ್ಯೂಟರೂ ಕಂಗೆಡಲಿಲ್ಲ. ಇವರಿಗೆ ಕೆಲಸ ಹಗುರಾಯಿತು, ಬೆಟ್ಟ ಹೆಚ್ಚಾಯಿತು. ಊಟದ ಮಧ್ಯೆ ಕೈ ನಿಲ್ಲಿಸಿ ಏನನ್ನೋ ಕೇಳಿಸಿಕೊಳ್ಳುವರು. ಜನವರಿ ಕೊನೆಗೆ ಒಂದು ದೊಡ್ಡ ಸ್ನೋ ಬಿದ್ದು ಆಫೀಸುಗಳಿಗೆಲ್ಲ ರಜೆ ಆಯಿತು. ಮಾರನೆಯ ಬೆಳಗ್ಗೆ ನೋಡಿದರೆ ಇವರು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಒಂದೇ ಒಂದ್ಸಲ ಅವನ ಜೊತೆ ಆ ಮರದವರೆಗೂ ಹೋಗಿ ಬರ್ತೀನಿ ಚಿತ್ರಾ. ಅವನು ಅದನ್ನೇ ಕೇಳ್ತಿದಾನೆ. ಅಲ್ಲಿಗೆ ಬಿಟ್ಟರೆ ಮುಗೀತು.”

ಹೋದರೆ ಇವರು ವಾಪಸು ಬರುವುದಿಲ್ಲ ಎಂದು ನನಗೆ ಅನ್ನಿಸಿತು. ಯಾಕೆ ಎಂದು ಕೇಳಿದರೆ ಹೇಳಲಾರೆ. ತಡೆದರೆ ನಾಳೆ ನಾನಿಲ್ಲದಾಗ ಹೋಗುತ್ತಾರೆ. ನಾನೂ ಬೂಟು ಹಾಕಿಕೊಂಡೆ.

ಬೆಟ್ಟದಲ್ಲಿ ಗಾಳಿ ಇತ್ತು, ಜನ ಅಷ್ಟಿರಲಿಲ್ಲ. ಲಿಫ್ಟ್‌ನ ಮುದುಕ ಮತ್ತೆ ಮೂರು ಬೆರಳೆತ್ತಿದ. ಮೇಲೆ, ಇವರು ಯಾರೂ ತುಳಿಯದ ಒಂದು ಬದಿಗೆ ನಡೆದು, ನನ್ನನ್ನು ಅಲ್ಲೇ ನಿಲ್ಲು ಎಂದು ಇಳಿಯತೊಡಗಿದರು. ಹೊಸ ಹಿಮದಲ್ಲಿ ಸ್ಕೀ ಸದ್ದು ಮಾಡುವುದಿಲ್ಲ. ಇವರ ಹಿಂದೆ ಎರಡು ಗೆರೆ ಮೂಡುತ್ತ ಹೋದವು. ಒಂದಿಷ್ಟು ದೂರದಲ್ಲಿ ಅವುಗಳ ಮಗ್ಗುಲಿಗೆ ಇನ್ನೆರಡು ಗೆರೆ ಶುರುವಾದವು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದೆ ಹಿಮ ತಾನಾಗಿ ಸೀಳಿಕೊಳ್ಳುತ್ತಿತ್ತು.

ನಾನು ಬೆನ್ನಟ್ಟಿದೆ, ಬಿದ್ದೆ, ಮತ್ತೆ ಎದ್ದೆ. ನನ್ನ ಸಣ್ಣ ಸ್ಕೀಗಳು ಹಿಮದೊಳಗೆ ಹೂತುಹೋಗುತ್ತಿದ್ದವು. ಕೆಳಗೆ ಎರಡೂ ಜೊತೆ ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತ ಮರಗಳ ಕಡೆಗೆ ಬಾಗಿದವು. ಇವರು ಸ್ಕೀಯನ್ನು ತಿರುಗಿಸುತ್ತಲೇ ಇರಲಿಲ್ಲ, ಕೈ ಇಳಿಬಿಟ್ಟು ಹೋಗುತ್ತಿದ್ದರು. ಕಿರುಚಿದೆ.

“ರೀ.”

ಇವರು ತಿರುಗಲಿಲ್ಲ. ಪಕ್ಕದ ಗೆರೆಗಳು ನಿಂತವು.

ಗಾಳಿಯಲ್ಲಿ ನನ್ನ ಕೂಗು ಶ್ರೀನಿಗೆ ಹೇಗೆ ಕೇಳಿಸಿತೋ. ಶ್ರೀ ಎಂದೇ ಕೇಳಿಸಿತೋ, ಅಥವಾ ಯಾರಾದರೂ ಹೆಂಗಸು ತನ್ನನ್ನು ಒಂದು ಸಲ ಹಾಗೆ ಕರೆಯಲಿ ಎಂದು ಕಾದಿದ್ದನೋ. ಆ ಗೆರೆಗಳು ಇವರನ್ನು ಬಿಟ್ಟು ಸುತ್ತು ಹಾಕಿದವು. ಸ್ಕೀ ಕೆಳಗೆ ಇಳಿಯುತ್ತದೆ, ಹತ್ತುವುದಿಲ್ಲ. ಅವು ಹತ್ತಿದವು. ಸದ್ದಿಲ್ಲದೆ, ಆತುರವಿಲ್ಲದೆ ಮೇಲಕ್ಕೆ, ನನ್ನ ಕಡೆಗೆ ಹಿಮ ಸೀಳುತ್ತ ಬಂದು, ನನ್ನ ಎಡಗಡೆ ಒಂದು ಮೊಳ ದೂರದಲ್ಲಿ ನಿಂತವು.

ಕೆಳಗೆ ಇವರು ಇನ್ನೂ ಮರಗಳಿಗೇ ನೇರವಾಗಿ ಹೋಗುತ್ತಿದ್ದರು. ಮತ್ತೆ ‘ರೀ’ ಎಂದರೆ ಓಗೊಡುವುದು ಇವರಲ್ಲ. ಆಯಸ್ಸು ಗೀಯಸ್ಸು ಆಮೇಲೆ ನೋಡಿಕೊಳ್ಳೋಣ ಎಂದು ಗಂಟಲು ಹರಿಯುವಂತೆ ಕೂಗಿದೆ.

“ಜಯರಾಮು.”

ಯಾರೋ ನಿದ್ದೆಯಿಂದ ಎಬ್ಬಿಸಿದ ಹಾಗೆ ಬೆಚ್ಚಿ, ಹಿಂದಕ್ಕೆ ವಾಲಿ, ಮರಗಳ ಬುಡಕ್ಕೆ ಕೊಂಚ ಈಚೆ ಕುಕ್ಕರಿಸಿ ಬಿದ್ದರು. ಅಡ್ಡ ಹೆಜ್ಜೆ ಹಾಕುತ್ತ ನನ್ನ ಬಳಿಗೆ ಹತ್ತಿಬಂದಾಗ ಮಂಕಿ ಕ್ಯಾಪ್ ತುಂಬ ಹಿಮ, ಮುಖದಲ್ಲಿ ನಗು. ಮದುವೆಯಾದ ಮೇಲೆ ಆ ನಗು ನಾನು ನೋಡಿರಲಿಲ್ಲ.

“ಹೋದ ಕಣೆ,” ಎಂದರು. “ನನ್ನ ಪಕ್ಕ ಇಲ್ಲ. ಹೋದ.”

ಹೌದು ಎಂದೆ. ನನ್ನ ಎಡಗಡೆಯ ಗೆರೆಗಳ ತುದಿಯ ಮೇಲೆ ನಿಂತುಕೊಂಡೇ ಹೇಳಿದೆ, ಅವು ನನ್ನ ಬಳಿ ಬಂದು ನಿಂತದ್ದು ಇವರಿಗೆ ಕಾಣಬಾರದೆಂದು.

ಈಗ ಸ್ನೋ ಬೀಳುತ್ತದೆಂದು ಟೀವಿಯಲ್ಲಿ ಹೇಳಿದರೆ ಸಾಕು, ಜಯರಾಮು ಹಬ್ಬ ಬಂದವರ ಹಾಗೆ ಓಡಾಡುತ್ತಾರೆ. ಬೆಂಕಿಯ ಚಿತ್ರವಿರುವ ಅಗಲದ ಜೋಡಿಯನ್ನೇ ಕೊಂಡಿದ್ದಾರೆ. ದರ್ಶನ್‌ಗೂ ಫೋನ್ ಮಾಡಿ ಕೊಟ್ಟ ಮಾತಿನಿಂದ ಬಿಡುಗಡೆ ಕೊಟ್ಟರು. ಸಾರಿಗೆ ಉಪ್ಪು ಹೆಚ್ಚಾದರೆ ಬಾಯಿಬಿಟ್ಟು ಹೇಳುತ್ತಾರೆ. ಹೋದ ತಿಂಗಳು ಅಂಗಡಿಯಲ್ಲಿ, “ನಿಂಗೂ ಅಗಲದ್ದೊಂದು ಜೊತೆ ತಗೊಳ್ಳೋಣ್ವಾ?” ಎಂದು ಕೇಳಿದರು.

“ಬೇಡ,” ಎಂದೆ. “ನಂಗೆ ಬಾಚಿದ ಹಿಮಾನೇ ಸಾಕು.” ಸಣ್ಣ ಸೊಂಟದ್ದೇ ಒಂದನ್ನು ನೆಲಕ್ಕೆ ಊರಿ, ಅಂಚಿಗೆ ಉಗುರು ಎಳೆದು ನೋಡಿದೆ.

ಹೆಂಡತಿ ಪುಕ್ಕಲಿ ಎಂದು ನಕ್ಕರು. ನಗಲಿ. ನಾನು ನಿಜ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಶ್ರೀನಿಯನ್ನು ನನಗೆ ಕೊಡು ಎಂದು ವಾಪಸು ಕೇಳುವ ಮನುಷ್ಯ. ನನಗೆ ಗಂಡ ಬೇಕು. ಲಿಫ್ಟ್‌ನಲ್ಲಿ ಒತ್ತಿ ಕೂರಲು ಬಂದರೆ, ಕುರ್ಚಿ ತೂಗುತ್ತದೆ, ಆ ತುದಿಗೆ ಕೂತ್ಕೊಳ್ಳಿ ಎನ್ನುತ್ತೇನೆ.

ಊರಿಗೆ ಮರಳಿದ ಅತ್ತೆಯ ಫೋನ್ ಬಂದಾಗ ಹಿಂದಿನಿಂದ ನನ್ನ ಕೂಗು ಕೇಳಿಸುತ್ತದಂತೆ. “ಇದೇನಮ್ಮಿ, ಗಂಡುನ್ ಹೆಸ್ರಿಡ್ದು ಕೂಗ್ತೀಯಲ್ಲ,” ಎಂದು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ. ಒಂದು ಬೆಳಗ್ಗೆ ಜಯರಾಮು ಹೊರಗೆ ಡ್ರೈವ್‌ವೇಯಲ್ಲಿ ಹಿಮ ಎತ್ತುತ್ತಿದ್ದಾಗ, ಹಳೆಯ ಅಭ್ಯಾಸದಲ್ಲಿ ಅಡುಗೆಮನೆಯಿಂದ, “ರೀ, ಕಾಫಿ,” ಎಂದುಬಿಟ್ಟಿದ್ದೆ. ಊಟದ ಮೇಜಿನ ಬಳಿ ಕುರ್ಚಿ ಸರಿದ ಸದ್ದಾಯಿತು. ಕಿಟಕಿಯಾಚೆ ಜಯರಾಮು ಇನ್ನೂ ಹಿಮ ಎತ್ತುತ್ತಲೇ ಇದ್ದರು.