ಹೋಳಿಗೆ ತಿಂದ ಸ್ಟ್ರೈಕರ್

ಫುಟ್ಬಾಲ್ ಎಂದರೆ ನನಗೆ ಅಷ್ಟಕ್ಕಷ್ಟೆ. ಒಂದು ಚೆಂಡಿಗಾಗಿ ಇಷ್ಟೊಂದು ಜನ ಒದ್ದಾಡುವುದನ್ನು ನೋಡುವ ಹೊತ್ತಿಗೆ ಒಣಗಿದ ಬಟ್ಟೆ ಮಡಚಿಡಬಹುದು ಎನ್ನುವ ಪೈಕಿ ನಾನು. ಹಾಗಿದ್ದೂ ಒಬ್ಬ ಅಂತಾರಾಷ್ಟ್ರೀಯ ಆಟಗಾರ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ.

ಅಂತಾರಾಷ್ಟ್ರೀಯ ಎಂದ ಕೂಡಲೇ ಬೆರಗಾಗಬೇಡಿ. ಅವನ ದೇಶ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪ. ಭೂಪಟದಲ್ಲಿ ತೋರಿಸು ಎಂದರೆ ಅವನ ಬೆರಳ ತುದಿಗೇ ಇಡೀ ದೇಶ ಮುಚ್ಚಿಹೋಗುತ್ತಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಸಣ್ಣ ಕ್ಲಬ್ಬೊಂದಕ್ಕೆ ಆಡಲು ಬಂದವನು, ಆಮೇಲೆ ಪರ್ತ್‌ಗೆ ಹೋದ. ಆಗ ನಾವೂ ಅಲ್ಲೇ ಇದ್ದೆವು; ಕ್ಯಾನಿಂಗ್ಟನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಪುಟ್ಟ ಮನೆ ಅವನದು. ಹಗಲು ಶಾಪಿಂಗ್ ಸೆಂಟರಿನಲ್ಲಿ ಟ್ರಾಲಿ ತಳ್ಳುವ ಕೆಲಸ, ಸಂಜೆ ಆಟ; ಗೋಲು ಹೊಡೆಯುವ ಸ್ಟ್ರೈಕರ್ ಅವನು. ನಾವು ಅಡಿಲೇಡಿಗೆ ಬಂದು ಮಾಡ್ಬರಿಯಲ್ಲಿ ಮನೆ ಮಾಡಿದ ಮೇಲೆ ಅವನನ್ನೂ ಇಲ್ಲಿನ ಒಂದು ಕ್ಲಬ್ಬು ಕರೆಯಿತು. ಎರಡು ಬ್ಯಾಗು ಹಿಡಿದು ಸೀದಾ ನಮ್ಮ ಬಾಗಿಲಿಗೇ ಬಂದ. ನನ್ನನ್ನು ‘ಅಕ್ಕ’ ಎನ್ನುತ್ತಿದ್ದ. ಹಾಗೆ ಕರೆದವನನ್ನು ಹೊರಗೆ ನಿಲ್ಲಿಸಲಾಗುತ್ತದೆಯೇ?

ದೇಶದ ಜರ್ಸಿ ತೊಟ್ಟು ಅವನು ಆಡಿದ್ದು ಜೀವನದಲ್ಲಿ ಒಂದೇ ಪಂದ್ಯ. ಅದೂ ಐದು ನಿಮಿಷ ಆಗಿರಲಿಲ್ಲ, ಮಂಡಿ ಕೈಕೊಟ್ಟಿತು. ಊರಿನಲ್ಲಿ ಅವನಮ್ಮ ಟಿವಿಯ ಮುಂದೆ ಬಂದು ಕೂರುವಷ್ಟರಲ್ಲಿ ಮಗನನ್ನು ಹೊತ್ತುಕೊಂಡು ಹೋಗಿಯಾಗಿತ್ತು. ಈಗ ವಯಸ್ಸು ಮೂವತ್ತು ದಾಟಿತ್ತು. ಅಮ್ಮ ನೋಡುವ ಹಾಗೆ ಇನ್ನೊಮ್ಮೆ ಆ ಜರ್ಸಿ ತೊಡಬೇಕು ಎನ್ನುವುದೊಂದೇ ಹಂಬಲ. ಅವನ ದೇಶದ ಕೋಚ್ ಒಂದು ಶನಿವಾರ ಅಡಿಲೇಡಿಗೆ ಬಂದು ಆಟ ನೋಡುತ್ತಾರೆ, ಓಡಲು ಆದರೆ ತಂಡದಲ್ಲಿ ಜಾಗ, ಇಲ್ಲದಿದ್ದರೆ ಮುಗಿಯಿತು ಎಂದು ಸುದ್ದಿ ಬಂತು.

ಆ ಶನಿವಾರವೇ ಯುಗಾದಿ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಬೆಳಿಗ್ಗೆಯಿಂದ ಹೋಳಿಗೆ ಮಾಡುತ್ತಿದ್ದರು.

ಅತ್ತೆಯ ಬಡಿಸುವಿಕೆಯ ಬಗ್ಗೆ ಹೇಳಲೇಬೇಕು. ಅವರ ಪ್ರಕಾರ ‘ಬೇಡ’ ಎನ್ನುವುದು ಮರ್ಯಾದೆಗೆ ಆಡುವ ಮಾತು. ‘ಸಾಕು’ ಎಂದರೆ ಇನ್ನೊಂದು ಹಾಕಿ ಎಂದರ್ಥ. ಎರಡೂ ಕೈ ಅಡ್ಡ ಹಿಡಿದು, ಮೈಯೆಲ್ಲ ತಟ್ಟೆಯ ಮೇಲೆ ಬಗ್ಗಿಸಿ, ‘ದಮ್ಮಯ್ಯ’ ಎಂದರೆ ಮಾತ್ರ ಬಿಡುತ್ತಾರೆ. ತಟ್ಟೆ ಖಾಲಿಯಾಯಿತೆಂದರಂತೂ ಕೇಳುವುದೇ ಇಲ್ಲ. ಇವನ ದ್ವೀಪದ ಪದ್ಧತಿಯೋ, ಹಿರಿಯರು ಬಡಿಸಿದ್ದನ್ನು ಒಂದು ಚೂರೂ ಉಳಿಸುವ ಹಾಗಿಲ್ಲ, ಬೇಡ ಎನ್ನುವುದು ಅವಮಾನ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಮರ್ಯಾದಸ್ಥರೇ. ಅದೇ ಆಗಿದ್ದು ಎಡವಟ್ಟು.

ನಾನು ಆಫೀಸಿನ ಒಂದು ಕಾಲ್ ಮುಗಿಸಿ ಹೊರಗೆ ಬಂದಾಗ ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು ಬಹಳ ನಿಧಾನವಾಗಿ ಉಸಿರಾಡುತ್ತಿದ್ದ. ಹೋಳಿಗೆಯ ಡಬ್ಬಿ ಬರಿದಾಗಿತ್ತು.

“ಅತ್ತೆ! ಅವನಿಗೆ ಮೂರು ಗಂಟೆಗೆ ಮ್ಯಾಚ್ ಇದೆ ಅಂತ ಹೇಳಿರ್ಲಿಲ್ವಾ?”

“ಅದಕ್ಕೇ ಹಾಕಿದ್ದಮ್ಮ. ಆಡೋ ಹುಡುಗ, ಮೈಯಲ್ಲಿ ಶಕ್ತಿ ಬೇಡ್ವಾ? ಮೇಲೆ ಸ್ವಲ್ಪ ತುಪ್ಪಾನೂ ಹಾಕ್ದೆ.”

ಸ್ವಲ್ಪವಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಮೈದಾನದಲ್ಲಿ ಆದದ್ದನ್ನು ಏನೆಂದು ಹೇಳಲಿ. ಅವನು ಓಡಲಿಲ್ಲ. ಚೆಂಡು ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಒಮ್ಮೆ ಕಾಲೆತ್ತಲು ಹೋಗಿ, ಮನಸ್ಸು ಬದಲಾಯಿಸಿ, ಹೊಟ್ಟೆ ಹಿಡಿದುಕೊಂಡು ನಿಂತ. ಅವನನ್ನು ತಡೆಯಬೇಕಾಗಿದ್ದ ಎದುರಾಳಿಯೇ “ಆರ್ ಯೂ ಓಕೆ, ಮೇಟ್?” ಎಂದು ಬೆನ್ನು ಸವರಿದ. ಅರ್ಧಕ್ಕೇ ಹೊರಗೆ ಕಳಿಸಿದರು.

ಅವನ ದೇಶದ ಕೋಚ್ ಆನೆಯಂಥ ಆಸಾಮಿ. ಕಾರ್ ಪಾರ್ಕಿನಲ್ಲಿ ಕೂಗಾಡಿದರು. ಕುಡಿದು ಬಂದಿದ್ದಾನೆ ಎಂದೇ ಅವರ ಗುಮಾನಿ. “ಮನೆಯಲ್ಲಿ ಅಜ್ಜಿ ಬಡಿಸಿದರು” ಎಂದು ಇವನು ಹೇಳಿದರೆ ಇನ್ನಷ್ಟು ಕೆಂಡವಾದರು. ಇವನ ಕಣ್ಣಲ್ಲಿ ನೀರು. ನೋಡಲಾಗಲಿಲ್ಲ ನನಗೆ. ಅಷ್ಟರಲ್ಲಿ ನನ್ನ ಗಂಡ ಮುಂದೆ ಹೋಗಿ, “ಸರ್, ಸಂಜೆ ನಮ್ಮ ಮನೆಗೆ ಊಟಕ್ಕೆ ಬನ್ನಿ. ನೀವೇ ನೋಡಿ” ಎಂದರು. ಮದುವೆಯಾದ ಮೇಲೆ ಅವರು ಆಡಿದ ಅತ್ಯಂತ ಬುದ್ಧಿವಂತಿಕೆಯ ಮಾತು ಅದು.

ಕೋಚ್ ಬಂದರು. ಅತ್ತೆಯ ಬಳಿ ಹೂರಣ ಮಿಕ್ಕಿತ್ತು, ಬಿಸಿಬಿಸಿ ಹೋಳಿಗೆ ತಟ್ಟಿದರು. ಕೋಚ್ ಒಂದು ತಿಂದರು, ತಟ್ಟೆ ಖಾಲಿ. ಅತ್ತೆ ಇನ್ನೊಂದು ಹಾಕಿದರು. ಅದೂ ಖಾಲಿ. ಅವರೂ ಅದೇ ದ್ವೀಪದವರಲ್ಲವೇ! ನಾನು ಎದುರು ಕೂತು ನೋಡುತ್ತಿದ್ದೆ, ಅತ್ತೆಯನ್ನು ತಡೆಯಲು ಹೋಗಲಿಲ್ಲ. ನಮ್ಮ ಆಟಗಾರ ಗೋಡೆ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಕೋಚ್ ಬೆಲ್ಟು ಸಡಿಲಿಸಿದರು. ಆಮೇಲೆ ಬೆವರು ಒರೆಸಿಕೊಂಡರು. ಅತ್ತೆ ತುಪ್ಪದ ಮಿಳ್ಳೆ ಹಿಡಿದು ಮತ್ತೆ ಬಂದಾಗ ಆ ದೊಡ್ಡ ಮನುಷ್ಯ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನಗು ತರಿಸುತ್ತದೆ.

ಕೊನೆಗೆ ಕೋಚ್ ನಮ್ಮ ಆಟಗಾರನ ಕಡೆ ತಿರುಗಿ ಕ್ಷೀಣ ದನಿಯಲ್ಲಿ ಹೇಳಿದರು: “ನಾಳೆ ಬೆಳಿಗ್ಗೆ ಮೈದಾನಕ್ಕೆ ಬಾ. ಏನೂ ತಿನ್ನದೆ ಬಾ.”

ಭಾನುವಾರ ಬೆಳಿಗ್ಗೆ ಅತ್ತೆ ಉಪ್ಪಿಟ್ಟಿಗೆ ರವೆ ಹುರಿಯಲು ಎದ್ದಾಗ ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದೆ. “ಬರೀ ಹೊಟ್ಟೇಲಿ ಕಳಿಸ್ತಾರಾ ಯಾರಾದ್ರೂ? ಪಾಪ ಬರುತ್ತೆ” ಎಂದು ನನ್ನೊಡನೆ ಜಗಳವಾಡಿ, ಮುಖ ಊದಿಸಿಕೊಂಡು ಕೂತರು. ಅವನು ಹೋದ, ಓಡಿದ. ತಂಡಕ್ಕೆ ತೆಗೆದುಕೊಂಡರು.

ಪಂದ್ಯ ಬ್ರಿಸ್ಬೇನಿನಲ್ಲಿತ್ತು. ನಾವು ಮೂವರೂ ಸೋಫಾದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಅವನ ದೇಶ ಸೊಗಸಾಗಿ ಸೋಲುತ್ತಿತ್ತು. ಎರಡನೇ ಅರ್ಧದಲ್ಲಿ ಅವನನ್ನು ಇಳಿಸಿದರು. ಐದು ನಿಮಿಷ ದಾಟಿತು, ಹತ್ತು ದಾಟಿತು, ಮಂಡಿ ಗಟ್ಟಿಯಾಗಿತ್ತು. ಆ ದ್ವೀಪದಲ್ಲಿ ಅವನಮ್ಮ ಈಗ ನೋಡುತ್ತಿರಬೇಕು ಎಂದುಕೊಂಡೆ. ಚೆಂಡು ಇದ್ದ ಕಡೆ, ಇಲ್ಲದ ಕಡೆ, ಎಲ್ಲ ಕಡೆಯೂ ಅವನು ಓಡುತ್ತಿದ್ದ.

ಪಕ್ಕದಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗೂ ಅರ್ಥವಾಯಿತಲ್ಲ ಎಂದು ಕೈ ಹಿಡಿದುಕೊಂಡೆ.

“ಹೆಂಗೆ ಓಡ್ತಿದ್ದಾನೆ ನೋಡಮ್ಮ” ಎಂದರು ಅತ್ತೆ. “ಪಾಪ, ಅಲ್ಲಿ ಯಾರೂ ಅವನಿಗೆ ಒಂದು ತುತ್ತೂ ಹಾಕಿಲ್ಲ.”